ಕೂಡದ ಮೂಳೆಗೆ ಕಾಂತದ ಮಿಡಿತ

ಮುರಿದ ಮೂಳೆ ಸಾಮಾನ್ಯವಾಗಿ ತಾನಾಗಿಯೇ ಕೂಡಿಕೊಳ್ಳುತ್ತದೆ. ಕೆಲವರಲ್ಲಿ, ಅದರಲ್ಲೂ ಮಂಡಿಯ ಕೆಳಗಿನ ಉದ್ದ ಮೂಳೆಯಲ್ಲಿ, ತಿಂಗಳುಗಟ್ಟಲೆ ಕಾದರೂ ಕೂಡುವುದಿಲ್ಲ. ಮಂಡಿನೋವು, ಬೆನ್ನುನೋವು, ಆಟಗಾರರ ದಣಿದ ಸ್ನಾಯು ಎಲ್ಲಕ್ಕೂ ಇಂದು ಬಳಸುತ್ತಿರುವ ‘ಪಿಇಎಂಎಫ್’ (ಮಿಡಿಯುವ ವಿದ್ಯುತ್ಕಾಂತ ಕ್ಷೇತ್ರ) ಯಂತ್ರ ವೈದ್ಯಕೀಯಕ್ಕೆ ಬಂದದ್ದು ಇಂಥ ಹಟಮಾರಿ ಮೂಳೆಗಳಿಗಾಗಿ.

1957ರಲ್ಲಿ ಜಪಾನಿನ ಫುಕಾಡ ಮತ್ತು ಯಸುದ, ಒಣ ಮೂಳೆಯನ್ನು ಒತ್ತಿದರೆ ಅದರಲ್ಲಿ ವಿದ್ಯುತ್ ಹುಟ್ಟುತ್ತದೆ ಎಂದು ತೋರಿಸಿದರು. ಜೀವಂತ ಮೂಳೆಯ ಸೂಕ್ಷ್ಮ ನಾಳಗಳಲ್ಲಿ ಹರಿಯುವ ದ್ರವವೂ ವಿದ್ಯುತ್ತನ್ನು ಹುಟ್ಟಿಸುತ್ತದೆಂದು ಆಮೇಲೆ ತಿಳಿಯಿತು. ಹೆಜ್ಜೆಯ ಭಾರ ಹೀಗೆ ವಿದ್ಯುತ್ತಾಗಿ ಮೂಳೆಯ ಜೀವಕೋಶಗಳನ್ನು ತಟ್ಟುವುದಾದರೆ, ಅದನ್ನೇ ಹೊರಗಿನಿಂದ ಕೊಡಬಾರದೇಕೆ? ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಳೆತಜ್ಞ ಆಂಡ್ರ್ಯೂ ಬ್ಯಾಸೆಟ್ ತಂಡ 1974ರಲ್ಲಿ ನಾಯಿಗಳ ಮೂಳೆಯ ಮೇಲೆ ಕಾಂತಕ್ಷೇತ್ರದ ಮಿಡಿತದಿಂದ ಇದನ್ನು ಪರೀಕ್ಷಿಸಿ ಭರವಸೆಯ ಫಲ ಕಂಡಿತು. ಕೂಡದ ಮೂಳೆಗೆ ಇದನ್ನು ಬಳಸಲು 1979ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು.

ಯಂತ್ರದ ತತ್ತ್ವ ಇಂಡಕ್ಷನ್ ಒಲೆಯದ್ದೇ. ಸುರುಳಿಯಲ್ಲಿ ವಿದ್ಯುತ್ ಏರಿಳಿದರೆ ಸುತ್ತಲಿನ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಬದಲಾಗುವ ಆ ಕ್ಷೇತ್ರ ಎದುರಿಗಿರುವ ವಾಹಕದಲ್ಲಿ ವಿದ್ಯುತ್ತನ್ನು ಪ್ರೇರೇಪಿಸುತ್ತದೆ. ಒಲೆಯ ಮೇಲೆ ಪಾತ್ರೆ ಕಾಯುತ್ತದೆ. ಇಲ್ಲಿ ಕ್ಷೇತ್ರ ಬಹಳ ದುರ್ಬಲ, ಬಿಟ್ಟುಬಿಟ್ಟು ಬರುವ ಮಿಡಿತ, ಬಿಸಿಯೇನೂ ತಟ್ಟುವುದಿಲ್ಲ. ಬದಲಾವಣೆಯೇ ಇದರ ಜೀವಾಳ. ಆದ್ದರಿಂದ ನೋವಿಗೆಂದು ಮಾರುವ ಅಯಸ್ಕಾಂತದ ಬಳೆ, ಪಟ್ಟಿಗಳಿಗೂ ಇದಕ್ಕೂ ಸಂಬಂಧವಿಲ್ಲ.

ರೋಗಿಗೆ ಏನೂ ಗೊತ್ತಾಗುವುದಿಲ್ಲ ಎಂಬುದು ವಿಜ್ಞಾನಿಗಳಿಗೆ ದೊಡ್ಡ ಅನುಕೂಲವಾಯಿತು. ಕೆಲಸ ಮಾಡದ ಯಂತ್ರವನ್ನು ಕಟ್ಟಿದರೂ ರೋಗಿ ಗುರುತಿಸಲಾರ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಟನಿ ಬಾರ್ಕರ್ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಕಾಲಿನ ಮೂಳೆ ಕೂಡದ 16 ಮಂದಿಯಲ್ಲಿ 9 ಮಂದಿಗೆ ನಿಜವಾದ ಯಂತ್ರ, 7 ಮಂದಿಗೆ ಹುಸಿ ಯಂತ್ರ. ಎಲ್ಲರಿಗೂ ಪ್ಲಾಸ್ಟರ್, ಕಾಲಿನ ಮೇಲೆ ಭಾರ ಹಾಕದ ಶಿಸ್ತು. 1984ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡೂ ಗುಂಪಿನಲ್ಲಿ ಐದೈದು ಮೂಳೆಗಳು ಕೂಡಿದ್ದವು. ಯಂತ್ರದ ಹೆಸರಿಗೆ ಹೋಗುತ್ತಿದ್ದ ಕೀರ್ತಿಯಲ್ಲಿ ಪ್ಲಾಸ್ಟರಿಗೂ ವಿಶ್ರಾಂತಿಗೂ ದೊಡ್ಡ ಪಾಲಿತ್ತು. ಹಾಗೆಂದು ಕಥೆ ಅಲ್ಲಿಗೇ ಮುಗಿಯಲಿಲ್ಲ. ನಿಧಾನವಾಗಿ ಕೂಡುವ ಮುರಿತಗಳ ಮೇಲೆ ಅದೇ ಶೆಫೀಲ್ಡ್‌ನ ಶರಾರ್ಡ್ 1990ರಲ್ಲಿ ಪ್ರಕಟಿಸಿದ, ಹುಸಿ ಯಂತ್ರದೊಂದಿಗೇ ಹೋಲಿಸಿದ ಪರೀಕ್ಷೆಯಲ್ಲಿ ನಿಜ ಯಂತ್ರವೇ ಮೇಲಾಯಿತು. ಇಂಥ ಪರೀಕ್ಷೆಗಳನ್ನು ನಡೆಸಿದವರ ಬಗ್ಗೆ ನನಗೆ ಅಪಾರ ಗೌರವ. ಹುಸಿ ಯಂತ್ರವಿಲ್ಲದಿದ್ದರೆ ನಾವು ಇನ್ನೂ ನಂಬಿಕೆಯ ಮಾತನ್ನೇ ಆಡುತ್ತಿದ್ದೆವು.

ಬಾರ್ಕರ್ 1985ರಲ್ಲಿ ಬದಲಾಗುವ ಕಾಂತಕ್ಷೇತ್ರದ ಇದೇ ತತ್ತ್ವವನ್ನು ಇನ್ನೊಂದೆಡೆಗೆ ಒಯ್ದರು. ಸುಮಾರು ಸಾವಿರ ಪಟ್ಟು ಬಲವಾದ ಮಿಡಿತವನ್ನು ತಲೆಯ ಹೊರಗಿನಿಂದ ಕೊಟ್ಟಾಗ ಕೈ ತಾನಾಗಿ ಅದುರಿತು. ಇಂದು ಖಿನ್ನತೆಯ ಚಿಕಿತ್ಸೆಗೆ ನಿಮ್ಹಾನ್ಸ್‌ನಲ್ಲೂ ಬಳಸುವ, ಮಿದುಳನ್ನು ಕಾಂತದ ಮಿಡಿತದಿಂದ ಪ್ರಚೋದಿಸುವ ‘ಟಿಎಂಎಸ್’ ಹುಟ್ಟಿದ್ದು ಹೀಗೆ. ಅದಕ್ಕೆ ಸಿಕ್ಕ ಮನ್ನಣೆಯನ್ನು ಮಂಡಿಗೆ ಸುತ್ತುವ ಪಿಇಎಂಎಫ್ ಪಟ್ಟಿಯ ಲೆಕ್ಕಕ್ಕೆ ಸೇರಿಸಬಾರದು.

ಇನ್ನು ನೋವಿನ ವಿಷಯ. ಹೆಚ್ಚಾಗಿ ಮಂಡಿಯ ಕೀಲು ಸವೆತದ ಮೇಲೆ ನಡೆದ ಪರೀಕ್ಷೆಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಯಲ್ಲಿ, 100 ಅಂಕಗಳ ನೋವಿನ ಅಳತೆಯಲ್ಲಿ ಹುಸಿ ಚಿಕಿತ್ಸೆಗಿಂತ ಸುಮಾರು 15 ಅಂಕ ಹೆಚ್ಚಿನ ಉಪಶಮನ ಕಂಡಿತು. ಓಡಾಟ, ದಿನನಿತ್ಯದ ಕೆಲಸಗಳಲ್ಲಿ ಅಂಥ ಖಚಿತ ಸುಧಾರಣೆ ಕಾಣಲಿಲ್ಲ. ಪರೀಕ್ಷೆಗಳೂ ಚಿಕ್ಕವು, ಮಿಡಿತದ ವೇಗ, ಬಲ, ಅವಧಿ ಯಂತ್ರದಿಂದ ಯಂತ್ರಕ್ಕೆ ಬೇರೆ. ಒಂದು ಯಂತ್ರದ ಫಲವನ್ನು ಇನ್ನೊಂದರ ಜಾಹೀರಾತಿಗೆ ಅಂಟಿಸುವುದು ಅನ್ಯಾಯ. ಪೇಸ್‌ಮೇಕರ್ ಇರುವವರು, ಗರ್ಭಿಣಿಯರು ಇದರಿಂದ ದೂರವಿರಬೇಕು. ಉಳಿದವರು ದುಡ್ಡು ಕಟ್ಟುವ ಮುನ್ನ, ಈ ಯಂತ್ರವನ್ನೇ, ನಿಮಗಿರುವ ತೊಂದರೆಗೇ, ಹುಸಿ ಯಂತ್ರದೊಂದಿಗೆ ಹೋಲಿಸಿ ನೋಡಿದ್ದಾರೆಯೇ ಎಂದು ಕೇಳಿ. ಮಂಡಿ ಸವೆತಕ್ಕಂತೂ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮಕ್ಕೆ ಇದಕ್ಕಿಂತ ಗಟ್ಟಿ ಪುರಾವೆಯಿದೆ. ಯಂತ್ರ ಕಟ್ಟಿಸಿಕೊಂಡರೂ ವ್ಯಾಯಾಮವನ್ನು ಬಿಡಬೇಡಿ.