ಶಾಲಾ ಬಸ್ಸಿಗೆ ಹಳದಿ ಬಣ್ಣ ಬಂದ ಕತೆ

ಬೆಳಗಿನ ಟ್ರಾಫಿಕ್ಕಿನಲ್ಲಿ ಅಷ್ಟು ದೂರದ ಶಾಲಾ ಬಸ್ಸನ್ನು "ಅಗೋ ಬಂತು" ಎಂದು ತಕ್ಷಣ ಗುರುತಿಸುತ್ತೀರಲ್ಲ, ಅದಕ್ಕೆ ಕಾರಣ ಅಮೆರಿಕದ ಒಬ್ಬ ಮೇಷ್ಟ್ರು.

ಫ್ರಾಂಕ್ ಸೈರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗ್ರಾಮೀಣ ಶಿಕ್ಷಣದ ಪ್ರಾಧ್ಯಾಪಕರು. ಆಗ ಅಲ್ಲಿನ ಹಳ್ಳಿ ಮಕ್ಕಳು ಲಾರಿ, ಬಸ್ಸು, ಕೆಲವೆಡೆ ಕುದುರೆಗಾಡಿಯಲ್ಲೂ ಶಾಲೆಗೆ ಹೋಗುತ್ತಿದ್ದರು. ಒಂದೊಂದು ಊರಿಗೆ ಒಂದೊಂದು ಬಣ್ಣ. ದೇಶಪ್ರೇಮ ಬೆಳೆಯಲೆಂದು ಬಸ್ಸಿಗೆ ಧ್ವಜದ ಕೆಂಪು, ಬಿಳಿ, ನೀಲಿ ಬಳಿದವರೂ ಇದ್ದರು! ಅಳತೆಗಳೂ ಬೇರೆ ಬೇರೆ. ಹಾಗಾಗಿ ಕಾರ್ಖಾನೆಗಳಿಗೆ ಒಂದೇ ಮಾದರಿಯ ಬಸ್ಸುಗಳನ್ನು ಅಗ್ಗವಾಗಿ ತಯಾರಿಸಲು ಆಗುತ್ತಿರಲಿಲ್ಲ.

1939ರ ಏಪ್ರಿಲ್‌ನಲ್ಲಿ ಸೈರ್ ಒಂದು ಸಭೆ ಕರೆದರು. ಶಿಕ್ಷಣಾಧಿಕಾರಿಗಳು, ಬಸ್ ತಯಾರಕರು, ಬಣ್ಣದ ತಜ್ಞರು ಎಲ್ಲ ಸೇರಿದರು. ಬಾಗಿಲು, ಸೀಟು, ನಡುವಿನ ಓಡಾಟದ ಜಾಗ ಎಂದು 44 ನಿಯಮಗಳಾದವು. ಬಣ್ಣಕ್ಕಾಗಿ ನಿಂಬೆ ಹಳದಿಯಿಂದ ಕೆಂಪು ಕಿತ್ತಳೆಯವರೆಗಿನ ಪಟ್ಟಿಗಳನ್ನು ಗೋಡೆಗೆ ತೂಗುಹಾಕಿದ್ದರು. ಗೆದ್ದದ್ದು ಸ್ವಲ್ಪ ಕಿತ್ತಳೆ ಬೆರೆತ ಹಳದಿ. ಅದರ ಮೇಲೆ ಬರೆದ ಕಪ್ಪು ಅಕ್ಷರ ಮುಂಜಾವಿನ, ಮುಸ್ಸಂಜೆಯ ಮಬ್ಬಿನಲ್ಲೂ ಓದಲು ಬರುತ್ತದೆ. ನೇರ ನೋಡದಿದ್ದರೂ ಹಳದಿ ಕಣ್ಣಂಚಿಗೆ ಬೇಗ ಬೀಳುತ್ತದೆ. ಆದರೂ ಅಲ್ಲಿನ ಕೊನೆಯ ರಾಜ್ಯ ಇದನ್ನು ಒಪ್ಪಿದ್ದು 1974ರಲ್ಲಿ!

ನಮ್ಮ ದೇಶದಲ್ಲೂ ಶಾಲಾ ಬಸ್ಸಿಗೆ ಹಳದಿ ಬಂತು. ಆದರೆ ಇಲ್ಲಿನ ಮುಖ್ಯ ಸುರಕ್ಷತಾ ನಿಯಮಗಳ ಹಿಂದೆ ಒಂದು ದುರಂತವಿದೆ. ದೆಹಲಿಯ ಕೇಳುಗರಿಗೆ ನೆನಪಿರಬಹುದು. 1997ರ ನವೆಂಬರ್ 18ರಂದು ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸು ಯಮುನೆಗೆ ಬಿತ್ತು. 28 ಮಕ್ಕಳು ಮನೆಗೆ ಮರಳಲಿಲ್ಲ. ಮರು ತಿಂಗಳು ಸುಪ್ರೀಂ ಕೋರ್ಟ್, ಎಂ.ಸಿ. ಮೆಹ್ತಾ ಪ್ರಕರಣದಲ್ಲಿ, ಶಾಲಾ ಬಸ್ಸು ಹೇಗಿರಬೇಕೆಂದು ವಿವರವಾಗಿ ಆದೇಶಿಸಿತು. ಹಿಂದೆ ಮುಂದೆ "ಸ್ಕೂಲ್ ಬಸ್" ಎಂಬ ಬರಹ, ಕಿಟಕಿಗೆ ಅಡ್ಡ ಸರಳು, ವೇಗ ಮಿತಿಗೊಳಿಸುವ ಸಾಧನ, ಬೆಂಕಿ ಆರಿಸುವ ಸಿಲಿಂಡರ್, ಭದ್ರವಾದ ಬಾಗಿಲು, ಬಸ್ಸಿನ ಮೇಲೆ ಶಾಲೆಯ ಫೋನ್ ನಂಬರ್, ಮಕ್ಕಳನ್ನು ನೋಡಿಕೊಳ್ಳಲು ಒಬ್ಬ ಅಟೆಂಡರ್. ಸೀಟಿನ ಕೆಳಗೆ ಬ್ಯಾಗಿಗೆ ಜಾಗವನ್ನೂ ಮರೆಯಲಿಲ್ಲ.

ಅಮೆರಿಕದಲ್ಲಿ ಮಕ್ಕಳು ಹತ್ತಿ ಇಳಿಯುವಾಗ ಬಸ್ಸಿನ ಕೆಂಪು ದೀಪ ಮಿನುಗಿದರೆ ಉಳಿದ ವಾಹನಗಳು ನಿಲ್ಲಲೇಬೇಕು. ನಮ್ಮಲ್ಲಿ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ನಿಮ್ಮ ಮಗು ಇಳಿದು ರಸ್ತೆ ದಾಟಬೇಕಿದ್ದರೆ, ಕೈ ಹಿಡಿದು ದಾಟಿಸುವವರು ಯಾರೆಂದು ನಾಳೆ ಬೆಳಗ್ಗೆ ಆ ಅಟೆಂಡರನ್ನೇ ಕೇಳಿ ನೋಡಿ.