ದ್ರಾಕ್ಷಿ ಬೆಸೆದ ನಂಟು

ಗಡಿಯ ಎರಡೂ ಕಡೆ ಹೆಣ್ಣು ಕೊಟ್ಟು ತಂದವರು ನಾವು. ಊರಿಗೂ ಊರಿಗೂ ನಂಟು ಎಂದರೇನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ನಡುವೆ ಮಹಾಸಾಗರವೇ ಇರುವ ಎರಡು ಊರುಗಳು ನಂಟು ಬೆಳೆಸುವುದುಂಟೆ? ಉಂಟು. ಊರಾಡಳಿತಗಳೇ ಮಾಡಿಕೊಳ್ಳುವ ಇಂಥ ಒಪ್ಪಂದಕ್ಕೆ 'ಸೋದರಿ ನಗರ' ಸಂಬಂಧ ಎನ್ನುತ್ತಾರೆ.

ಜಪಾನಿನ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ಇಕೆಡ ಎಂಬ ಬೇಸಾಯದ ಊರಿದೆ. 1952ರಲ್ಲಿ ಅಲ್ಲಿ ಭೂಕಂಪವಾಯಿತು. ಅದರ ಬೆನ್ನಿಗೇ ಚಳಿಗೆ ಬೆಳೆ ಹಾಳಾಯಿತು. ಊರಿನ ಬೊಕ್ಕಸ ಬರಿದಾಯಿತು. ಆಗ ಮೇಯರ್ ಕಾನೆಯಾಸು ಮರುತಾನಿಯವರ ಕಣ್ಣು ಗುಡ್ಡದ ಕಾಡುದ್ರಾಕ್ಷಿಯ ಮೇಲೆ ಬಿತ್ತು. ಆ ಚಳಿಯಲ್ಲೂ ತಾನಾಗಿ ಬದುಕುವ ಬಳ್ಳಿ ಅದು. 1963ರಲ್ಲಿ ಊರಾಡಳಿತವೇ ವೈನ್ ತಯಾರಿಕೆಗೆ ಇಳಿಯಿತು. ಮರುವರ್ಷ ಬುಡಾಪೆಸ್ಟಿನ ಸ್ಪರ್ಧೆಯಲ್ಲಿ ಆ ವೈನಿಗೆ ಪದಕ ಬಂತು.

ಆದರೂ ಕಷ್ಟ ತೀರಲಿಲ್ಲ. ಅಲ್ಲಿನ ಚಳಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುತ್ತದೆ. ಕಿಯೋಮಿ ತಳಿಯ ಬಳ್ಳಿಗಳನ್ನು ಚಳಿಗೆ ಮುಂಚೆ ಮಣ್ಣಿನಲ್ಲಿ ಹೂತು, ಹಿಮ ಕರಗಿದ ಮೇಲೆ ಮತ್ತೆ ಬಿಡಿಸಿ ಎತ್ತಬೇಕು. ಅದಕ್ಕೇ ಕಾಡುದ್ರಾಕ್ಷಿಯೊಡನೆ ಸಂಕರ ಮಾಡಿ, ಹೂಳದೆಯೂ ಉಳಿಯುವ 'ಯಾಮಸಾಚಿ' ತಳಿ ಪಡೆದರು.

ಈ ಇಕೆಡ 1977ರಲ್ಲಿ ಕೆನಡಾದ ಪೆಂಟಿಕ್ಟನ್ ಊರಿನ ಕೈ ಹಿಡಿಯಿತು. ಅದೂ ಹಣ್ಣಿನ ತೋಟಗಳ, ದ್ರಾಕ್ಷಿಯ ಊರು. ಭಾಷೆ ಬೇರೆ, ಕಸುಬು ಒಂದೇ. ವಿದ್ಯಾರ್ಥಿಗಳು ಅಲ್ಲಿಂದಿಲ್ಲಿಗೆ ಹೋಗಿ ಬಂದಿದ್ದಾರೆ. ಪೆಂಟಿಕ್ಟನ್ನಿನಲ್ಲಿ ಇಕೆಡದ ಹೆಸರಿನದೇ ಒಂದು ಜಪಾನಿ ಉದ್ಯಾನವಿದೆ.

ಸಹಿ ಹಾಕಿದ ಕಾಗದ ಕಪಾಟಿನಲ್ಲೇ ಉಳಿದರೆ ಗೆದ್ದಲಿನ ಪಾಲು. ಹೋಗಿ ಬರುವವರಿದ್ದರೆ ಮಾತ್ರ ನಂಟು ಉಳಿಯುತ್ತದೆ. ಎರಡು ನುಡಿ ಬಲ್ಲ ನಿಮಗೆ ಇದು ಹೊಸ ಮಾತೇನಲ್ಲ.