ಹಳೆಯ ಸೇನಾ ಕೋವಿಗೆ ಹೊಂದುವ ಮರ

ಹಳೆಯ ಸೇನಾ ರೈಫಲಿನಲ್ಲಿ ಉಕ್ಕಿಗಿಂತ ಮೊದಲು ಸೋಲುವುದು ಮರ. ನಳಿಕೆ, ಬೋಲ್ಟು, ಸ್ಪ್ರಿಂಗು ಮೊದಲಾದ ಲೋಹದ ಭಾಗಗಳು ಎಣ್ಣೆಯ ಆರೈಕೆಯಿದ್ದರೆ ನೂರು ವರ್ಷ ಕಳೆದರೂ ಉಳಿಯುತ್ತವೆ. ಅವನ್ನು ಹೊತ್ತಿರುವ ಮರವಾದರೋ ಸೀಳುತ್ತದೆ, ಸೊಟ್ಟಗಾಗುತ್ತದೆ, ಗೆದ್ದಲಿಗೂ ಕುಟ್ಟೆಹುಳಕ್ಕೂ ಆಹಾರವಾಗುತ್ತದೆ. ಆದ್ದರಿಂದ ಇಂಥ ಕೋವಿಯನ್ನು ಮೊದಲಿನ ರೂಪಕ್ಕೆ ತರಲು ಹೊರಟವರಿಗೆ ಎದುರಾಗುವ ನಿಜವಾದ ತೊಡಕು ಯಂತ್ರದ್ದಲ್ಲ, ಹೊಂದುವ ಮರವನ್ನು ಹುಡುಕುವುದರದು.

ಕರ್ನಾಟಕದಲ್ಲಿ ಕೋವಿಯ ಆರೈಕೆ ಮನೆಮನೆಯ ವಿಷಯವಾಗಿರುವುದು ಕೊಡಗಿನಲ್ಲಿ. ಕೊಡವರಿಗೂ ವಂಶಪಾರಂಪರ್ಯವಾದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದಿರುವ ಪರವಾನಗಿ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಕೈಲ್ ಪೊಳ್ದ್ ಹಬ್ಬದಂದು ತೊಳೆದು, ಎಣ್ಣೆ ಹಚ್ಚಿ, ತೋಕ್ ಪೂ ಎಂಬ ಹೂವನ್ನು ಸಿಕ್ಕಿಸಿ ಪೂಜಿಸುವ ಕೋವಿಗಳಲ್ಲಿ ಸೇನೆಯ .303 ರೈಫಲು ಇರುವುದಿಲ್ಲ, ಏಕೆಂದರೆ ಅದು ನಾಗರಿಕರಿಗೆ ನಿಷೇಧಿಸಲಾದ ಬೋರಿನದು. ಅದು ಕಾಣಸಿಗುವುದು ಶಸ್ತ್ರಾಗಾರಗಳಲ್ಲಿ ಮತ್ತು ವಸ್ತುಸಂಗ್ರಹಾಲಯಗಳಲ್ಲಿ. ಆದರೆ ಮನೆಯ ಜೋಡುನಳಿಕೆಯ ಕೋವಿಗೂ ಶಸ್ತ್ರಾಗಾರದ ರೈಫಲಿಗೂ ಮರದ ನಿಯಮಗಳು ಒಂದೇ.

ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿಯೂ ದಶಕಗಳ ಕಾಲ ತಯಾರಾದ ಈ .303 ಬೋರಿನ ಲೀ-ಎನ್‌ಫೀಲ್ಡ್ ರೈಫಲಿನ ಮರವು ಒಂದೇ ತುಂಡಲ್ಲ. ಹೆಗಲಿಗೆ ಒರಗುವ ಹಿಂಭಾಗವಾದ ಬಟ್ಟು, ನಳಿಕೆಯನ್ನು ಕೆಳಗಿನಿಂದ ಹೊರುವ ಮುಂಗಟ್ಟಿಗೆ, ಬಿಸಿಯಾದ ನಳಿಕೆಯಿಂದ ಕೈಯನ್ನು ಕಾಯುವ ಮೇಲ್ಮುಚ್ಚಿಗೆಗಳು ಎಲ್ಲವೂ ಬೇರೆಬೇರೆ. ಬಟ್ಟನ್ನು ಸೈನಿಕನ ಮೈಕಟ್ಟಿಗೆ ತಕ್ಕಂತೆ ಉದ್ದ, ಸಾಮಾನ್ಯ, ಗಿಡ್ಡ ಎಂಬ ಅಳತೆಗಳಲ್ಲಿ ಮಾಡಲಾಗುತ್ತಿತ್ತಾದ್ದರಿಂದ ಸಿಕ್ಕ ಬಟ್ಟನ್ನೆಲ್ಲ ಕೂರಿಸಿದರೆ ಆಗದು. ಇದಕ್ಕಿಂತ ಸೂಕ್ಷ್ಮವಾದದ್ದು ಮುಂಗಟ್ಟಿಗೆ. ಸುಮಾರು 11 ಗ್ರಾಂ ತೂಕದ ಗುಂಡು ಸೆಕೆಂಡಿಗೆ 740 ಮೀಟರಿನಷ್ಟು ವೇಗದಲ್ಲಿ ಹೊರಟಾಗ ನಾಲ್ಕು ಕಿಲೋ ತೂಗುವ ರೈಫಲು ಸೆಕೆಂಡಿಗೆ ಮೂರು ಮೀಟರಿಗೆ ಸಮೀಪದ ವೇಗದಿಂದ ಹಿಂದಕ್ಕೆ ಒದೆಯುತ್ತದೆ, ಮತ್ತು ಆ ಒದೆತದ ಒಂದು ಪಾಲನ್ನು ಮುಂಗಟ್ಟಿಗೆಯ ಒಳಗಿರುವ ಎರಡು ಪುಟ್ಟ ಆಧಾರಮುಖಗಳು ತಾಳಿಕೊಳ್ಳಬೇಕಾಗುತ್ತದೆ. ಎರಡೂ ಒಂದೇ ಸಮನಾಗಿ ಉಕ್ಕಿಗೆ ತಾಗಿರದಿದ್ದರೆ ಹೊರೆಯೆಲ್ಲ ಒಂದೇ ಕಡೆ ಬಿದ್ದು ಮರವು ಎಳೆಯ ಗುಂಟ ಸೀಳುತ್ತದೆ. ಆಸ್ಟ್ರೇಲಿಯದಲ್ಲಿ ಮೆದುವಾದ ಸ್ಥಳೀಯ ಮರವನ್ನು ಬಳಸಿದಾಗ ಈ ಜಾಗಕ್ಕೆ ತಾಮ್ರದ ತಗಡುಗಳನ್ನು ಕೂರಿಸಿದ್ದು ಇದೇ ಕಾರಣದಿಂದ.

ಹೊಸ ಮರವನ್ನು ಎಷ್ಟೇ ನಿಖರವಾಗಿ ಕೆತ್ತಿದರೂ ಅದು ಹಾಗೆಯೇ ಉಳಿಯುತ್ತದೆಂದು ಹೇಳಲಾಗದು, ಏಕೆಂದರೆ ಮರವು ಗಾಳಿಯ ತೇವದೊಂದಿಗೆ ನಿರಂತರ ಕೊಡುಕೊಳ್ಳುವಿಕೆ ನಡೆಸುತ್ತಲೇ ಇರುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇ 90ರಷ್ಟಿದ್ದಾಗ ಮರದ ತೇವಾಂಶವು ಅದರ ಒಣತೂಕದ ಶೇ 20ರ ಸುಮಾರಿಗೆ ಬಂದು ನಿಲ್ಲುತ್ತದೆ. ಆರ್ದ್ರತೆ ಶೇ 40ಕ್ಕೆ ಇಳಿದರೆ ತೇವಾಂಶವೂ ಶೇ 8ರ ಆಸುಪಾಸಿಗೆ ಇಳಿಯುತ್ತದೆ. ಈ ಏರಿಳಿತದಲ್ಲಿ ಮರದ ಉದ್ದ ಬದಲಾಗುವುದು ಅತ್ಯಲ್ಪ. ಆದರೆ ವಾರ್ಷಿಕ ಬಳೆಗಳ ಅಂಚಿನ ಗುಂಟ ಆಗುವ ಕುಗ್ಗುವಿಕೆಯು, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದಕ್ಕಿಂತ ಬಹಳ ಮರಗಳಲ್ಲಿ ಒಂದೂವರೆಯಿಂದ ಎರಡು ಪಟ್ಟು ಹೆಚ್ಚು. ಮಳೆಗಾಲದಲ್ಲಿ ಕೊಡಗಿನಲ್ಲಿ ಸೀಳಿದ ಹಲಗೆಯನ್ನು ಬೆಂಗಳೂರಿನ ಸಾರಕ್ಕಿಯ ಬಡಗಿಯ ಅಂಗಡಿಗೆ ತಂದು, ಕೆತ್ತಿ ಕೂರಿಸಿ, ಅಲ್ಲಿನ ಮಾರ್ಚ್ ತಿಂಗಳ ಒಣಗಾಳಿಗೆ ಬಿಟ್ಟರೆ ಏನಾದೀತೆಂಬುದನ್ನು ಲೆಕ್ಕ ಹಾಕಿಯೇ ತಿಳಿಯಬಹುದು. ಸೇನಾ ಕೋವಿಗಳಿಗೆ ಮೆಚ್ಚಿನದಾಗಿದ್ದ ಅಕ್ರೋಟು ಮರವು ಬಳೆಗಳ ಗುಂಟ ತೇವಾಂಶದ ಪ್ರತಿ ಒಂದು ಶೇಕಡಾ ಇಳಿಕೆಗೆ ಸುಮಾರು ಶೇ 0.26ರಷ್ಟು ಕುಗ್ಗುತ್ತದೆ, ತೇವಾಂಶವು ಹನ್ನೆರಡು ಅಂಶ ಇಳಿದರೆ ಐದು ಸೆಂಟಿಮೀಟರ್ ಅಗಲದ ತುಂಡು ಒಂದೂವರೆ ಮಿಲಿಮೀಟರಿನಷ್ಟು ಕಿರಿದಾಗುತ್ತದೆ. ಕಾಗದದ ದಪ್ಪದ ಸಂದನ್ನೂ ಒಪ್ಪದ ಜೋಡಣೆಗೆ ಇದು ದೊಡ್ಡ ಅಂತರ. ಆದುದರಿಂದ ಹಲಗೆಯನ್ನು ರೈಫಲು ಉಳಿಯಬೇಕಾದ ಊರಿನಲ್ಲೇ ತಿಂಗಳುಗಟ್ಟಲೆ ಒಣಗಿಸಿ, ತೂಕ ಇಳಿಯುವುದು ನಿಂತ ಮೇಲೆಯೇ ಉಳಿ ಹಿಡಿಯಬೇಕು.

ಸೇನೆಗಳು ಅಕ್ರೋಟನ್ನು ಮೆಚ್ಚಿಕೊಂಡದ್ದು ಅಂದಕ್ಕಾಗಿ ಮಾತ್ರವಲ್ಲ: ಅದು ತೂಕಕ್ಕೆ ಮೀರಿ ಗಟ್ಟಿಯಾಗಿದ್ದು, ಹೊಡೆತವನ್ನು ತಾಳಿ, ಉಳಿಯ ಅಂಚಿಗೆ ಚೂರಾಗದೆ ಕೆತ್ತನೆಗೆ ಒಪ್ಪುತ್ತದೆ. ಭಾರತದಲ್ಲಿ ಅದು ದೊರೆಯುವುದು ಕಾಶ್ಮೀರ ಮೊದಲಾದ ಹಿಮಾಲಯದ ಸೀಮೆಯಲ್ಲಿ. ಕರ್ನಾಟಕದಲ್ಲಿ ಸುಲಭವಾಗಿ ಹೊಳೆಯುವ ಬದಲಿಗಳು ತೇಗ ಮತ್ತು ಬೀಟೆ. ತೇಗವು ಕಡಿಮೆ ಕುಗ್ಗುತ್ತದೆ, ಆದರೆ ಅದರ ಸಹಜ ಎಣ್ಣೆಯಂಶವು ಅಂಟು ಹಿಡಿಯುವುದಕ್ಕೆ ಅಡ್ಡಿಯಾಗುತ್ತದೆ, ಎಳೆಯ ಗುಂಟ ಸೀಳುವ ಗುಣವೂ ಅದಕ್ಕಿದೆ. ಬೀಟೆ ಗಟ್ಟಿಯಾದರೂ ಭಾರ ಹೆಚ್ಚು. ಮೇಲಾಗಿ ಅದನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಸಿಕ್ಕ ತುಂಡು ಯಾವ ಮರದ್ದೆಂಬ ಅನುಮಾನವಿದ್ದರೆ ಅಡ್ಡಕೊಯ್ತದ ಮುಖವನ್ನು ಹರಿತವಾದ ಬ್ಲೇಡಿನಿಂದ ಸವರಿ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿಯಲ್ಲಿ ನೋಡಬೇಕು: ತೇಗದಲ್ಲಿ ದೊಡ್ಡ ರಂಧ್ರಗಳು ಬಳೆಯ ಆರಂಭದಲ್ಲಿ ಸಾಲುಗಟ್ಟಿರುತ್ತವೆ, ಅಕ್ರೋಟಿನಲ್ಲಿ ಅವು ಒಳಗಿನಿಂದ ಹೊರಕ್ಕೆ ನಿಧಾನವಾಗಿ ಕಿರಿದಾಗುತ್ತ ಹೋಗುತ್ತವೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಇಂದಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಮರದ ಜಾತಿಯನ್ನು ಗುರುತಿಸುವ ಕೆಲಸವನ್ನೂ ಮಾಡುತ್ತದೆ.

ಆದರೂ ಇಡೀ ಭಾಗವನ್ನು ಬದಲಿಸುವುದು ಕೊನೆಯ ಮಾರ್ಗವಾಗಿರಬೇಕು. ಕಾರ್ಖಾನೆಯ ಮುದ್ರೆ, ದುರಸ್ತಿಯ ಗುರುತು, ಸೈನಿಕನ ಕೈ ಸವೆಸಿದ ಅಂಚು ಇವೆಲ್ಲ ಇರುವುದು ಹಳೆಯ ಮರದಲ್ಲಿಯೇ. ಅದು ಹೋದರೆ ರೈಫಲಿನ ಚರಿತ್ರೆಯ ಅರ್ಧ ಹೋದಂತೆ. ಕೊಳೆತ ಅಥವಾ ಸೀಳಿದ ಭಾಗವನ್ನಷ್ಟೇ ಓರೆಯಾಗಿ ಕತ್ತರಿಸಿ ತೆಗೆದು, ಅದೇ ಜಾತಿಯ, ಎಳೆಯೂ ಬಳೆಯೂ ಅದೇ ದಿಕ್ಕಿಗೆ ಓಡುವ ತೇಪೆಯನ್ನು ಕೂರಿಸುವುದು ಉತ್ತಮ, ಏಕೆಂದರೆ ಆಗ ಎರಡು ಮರಗಳೂ ಒಟ್ಟಿಗೆ ಹಿಗ್ಗಿ ಒಟ್ಟಿಗೆ ಕುಗ್ಗುತ್ತವೆ. ಅಂಥ ತುಂಡು ಬಹಳ ಸಲ ಸಿಗುವುದು ಮುರಿದುಹೋದ ಮತ್ತೊಂದು ಹಳೆಯ ಬಟ್ಟಿನಿಂದ. ಉಪ್ಪುಕಾಗದದಿಂದ ಉಜ್ಜಿ ಹೊಸದರಂತೆ ಹೊಳೆಯಿಸುವುದು ಅಪಚಾರವೇ ಸರಿ, ಮುದ್ರೆಗಳು ಅಳಿಯುವುದು ಹಾಗೆಯೇ. ಸೇನೆಯಲ್ಲಿ ಮರಕ್ಕೆ ಹಚ್ಚುತ್ತಿದ್ದುದು ಅಗಸೆ ಎಣ್ಣೆ. ಅದು ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ, ಆ ಕ್ರಿಯೆಯಲ್ಲಿ ಶಾಖವೂ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆಯಾಗಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳಬಹುದಾದ್ದರಿಂದ ಅದನ್ನು ಬಿಡಿಸಿ ಹರವಿ ಒಣಗಿಸಬೇಕು.

1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿಗಳನ್ನು ದುರಸ್ತಿ ಮಾಡುವ ವೃತ್ತಿಗೂ ಪರವಾನಗಿ ಬೇಕು. ಆದ್ದರಿಂದ ಹಳೆಯ ಕೋವಿಯುಳ್ಳವರು ಅದನ್ನು ಪರವಾನಗಿ ಪಡೆದ ದುರಸ್ತಿಗಾರರಲ್ಲಿಗೇ ಒಯ್ಯಬೇಕು, ಮತ್ತು ಬದಲಿಸಿದ ಮರದ ತುಂಡು ಎಷ್ಟೇ ಚಿಕ್ಕದಾಗಿರಲಿ, ಒಲೆಗೆ ಹಾಕದೆ, ಎಲ್ಲಿಂದ ತೆಗೆದದ್ದೆಂದು ಬರೆದ ಚೀಟಿಯೊಂದಿಗೆ ಕೋವಿಯ ಜೊತೆಗೇ ಇಡಬೇಕು.